ನಾಲ್ಕನೇ ಮಹಡಿಯ ಸೊನ್ನೆ

ಬುಧವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ, ವೃದ್ಧರ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ, ತಣ್ಣನೆಯ ಶಾವಿಗೆಯ ಮೂರನೇ ತುತ್ತಿಗೆ, ಗೊಂಗ್ ಬುನಿ ಅಜ್ಜಿಯ ಕೈಯಿಂದ ಊಟದ ಕಡ್ಡಿಗಳು ಜಾರಿ ನೆಲಕ್ಕೆ ಬಿದ್ದವು. ನೋಡನೋಡುತ್ತಿದ್ದಂತೆ ತುಟಿ ಊದಿತು, ಕತ್ತಿನ ಮೇಲೆಲ್ಲ ಕೆಂಪು ದದ್ದು ಎದ್ದಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಪಕ್ಕದ ಮಂಚದ ಬಳಿ ನಿಂತಿದ್ದ ಆರೈಕೆಯ ಹೆಂಗಸು ಸೊಲ್ ಗ್ವಿನಾಮ್ ಕಿರುಚಿದ ಕಿರುಚಾಟಕ್ಕೆ ಮೂರು ಮಹಡಿ ಕೆಳಗಿದ್ದವರೂ ಓಡಿ ಬಂದರು. ಹತ್ತೇ ನಿಮಿಷದಲ್ಲಿ ಆಂಬುಲೆನ್ಸ್ ಗೊಂಗ್ ಅಜ್ಜಿಯನ್ನು ಊರೊಳಗಿನ ದೊಡ್ಡಾಸ್ಪತ್ರೆಗೆ ಒಯ್ದಿತು.

ಬಟ್ಟಲಲ್ಲಿದ್ದದ್ದು ಮೆಮಿಲ್ ಅನ್ನುವ ಧಾನ್ಯದ ಹಿಟ್ಟಿನ ಶಾವಿಗೆ. ಚುಂಚೆಯೊನ್ ಊರಿನವರಿಗೆ ಬೇಸಿಗೆಯಲ್ಲಿ ಅದಿಲ್ಲದಿದ್ದರೆ ಊಟವೇ ಅಲ್ಲ; ಗೊಂಗ್ ಅಜ್ಜಿಗೆ ಮಾತ್ರ ಅದು ವಿಷ. ಆಕೆಗೆ ಯಾವಾಗಲೂ ಗೋಧಿ ಶಾವಿಗೆ ಬರುತ್ತಿತ್ತು. ಕಣ್ಣು ಮಂಜು, ಮೇಲೆ ಕೆಂಪು ಮಸಾಲೆ ಬೇರೆ, ಪಾಪ, ಆಕೆಗೇನು ಗೊತ್ತಾಗಬೇಕು?

ಸಂಜೆಯೊಳಗೆ ಆ ವೃದ್ಧರ ಆಸ್ಪತ್ರೆಯವರೆಲ್ಲ ತೀರ್ಪು ಕೊಟ್ಟೇಬಿಟ್ಟರು. ಇದು ಅಡುಗೆಯ ಯೊಮ್ ಮಾಲ್ಸುನ್‌ಳದೇ ಕೆಲಸ! ಹಿಂದಿನ ದಿನ ಗೊಂಗ್ ಅಜ್ಜಿ ಮೂರನೇ ಸಲ ಸಾರು ವಾಪಸ್ ಕಳಿಸಿ, "ಇದೇನು ಸಾರೋ, ಪಾತ್ರೆ ತೊಳೆದ ನೀರೋ?" ಅಂದಿದ್ದಳು. ಮಾಲ್ಸುನ್ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಆ ಮುದುಕಿ ಬಾಯಿಗೆ ಒಂದು ಬಟ್ಟಲು ಮೆಮಿಲ್ ತುರುಕ್ತೀನಿ, ಆಗ ಮುಚ್ಚುತ್ತೆ!" ಅಂತ ಕೂಗಿದ್ದಳು. ಕೇಳಿಸಿಕೊಂಡಿದ್ದು ಗ್ವಿನಾಮ್ ಒಬ್ಬಳೇ. ಆಫೀಸಿನ ಮ್ಯಾನೇಜರ್ ಚೂ ಮೆತ್ತಗೆ ವಿಚಾರಿಸಿದಾಗ ಬಾಯಿಬಿಟ್ಟವಳೂ ಅವಳೇ. ಆತ ಅದನ್ನು ಕಾಗದದ ಮೇಲೆ ಬರೆದು ಅವಳ ಸಹಿಯನ್ನೂ ಹಾಕಿಸಿಕೊಂಡಿದ್ದ. ಆ ಸಹಿ ಅವಳ ಮೇಲೆ ಭಾರವಾಗಿ ಕೂತಿತ್ತು.

ಗುರುವಾರ ಬೆಳಿಗ್ಗೆ ಮಾಲ್ಸುನ್ ತಾನಾಗಿ ನಾಲ್ಕನೇ ಮಹಡಿಗೆ ಬಂದಳು. ಬಂದದ್ದು ಗ್ವಿನಾಮ್ ಹತ್ತಿರಕ್ಕಲ್ಲ, ಗ್ವಿನಾಮ್ ನೋಡಿಕೊಳ್ಳುತ್ತಿದ್ದ ಟಾಕ್ ಹ್ವಾಜಾಳ ಹತ್ತಿರಕ್ಕೆ.

ಟಾಕ್ ಅಜ್ಜಿಗೆ ಎಪ್ಪತ್ತೊಂಬತ್ತು. ಎಡಗಾಲು ಸ್ವಾಧೀನವಿಲ್ಲ, ಗಾಲಿ ಕುರ್ಚಿಯೇ ಗತಿ. ಪ್ರಾಯದಲ್ಲಿ ಹತ್ತೊಂಬತ್ತು ವರ್ಷ ಸರ್ಕಾರದ ಅಂಕಿಅಂಶ ಕಚೇರಿಯಲ್ಲಿ ಕಂಪ್ಯೂಟರಿಗಾಗಿ ಕಾರ್ಡುಗಳಿಗೆ ತೂತು ಹೊಡೆದ ಹೆಂಗಸು. ಒಂದು ತೂತು ಆಚೀಚೆಯಾದರೆ ಒಂದು ಊರೇ ಮಾಯವಾಗುತ್ತಿದ್ದ ಕಾಲ ಅದು. ಈ ಆಸ್ಪತ್ರೆಗೆ ಬಂದ ನಾಲ್ಕು ವರ್ಷದಲ್ಲಿ ಕಳೆದ ಹಲ್ಲಿನ ಸೆಟ್ಟು, ಕದ್ದ ಜಿನ್ಸೆಂಗ್ ಮಿಠಾಯಿ, ಹೆಸರಿಲ್ಲದ ಪತ್ರ ಬರೆದವರು, ಎಲ್ಲವನ್ನೂ ಕುರ್ಚಿಯಲ್ಲಿ ಕೂತೇ ಪತ್ತೆ ಮಾಡಿದ್ದಳು. ಗ್ವಿನಾಮ್ ಪ್ರತಿ ಸಲವೂ ಕುರ್ಚಿ ತಳ್ಳಿದ್ದಳು, ಪ್ರತಿ ಸಲವೂ ತಪ್ಪು ಮನುಷ್ಯನನ್ನೇ ಅನುಮಾನಿಸಿದ್ದಳು.

"ಅಕ್ಕಾ, ಐದು ಗಂಟೆಗೆ ಪೊಲೀಸಿಗೆ ಕಾಗದ ಕೊಡ್ತಾರಂತೆ," ಮಾಲ್ಸುನ್ ನೆಲದ ಮೇಲೇ ಕುಕ್ಕರುಬಡಿದಳು. "ಇಪ್ಪತ್ತೆರಡು ವರ್ಷ ಇವರಿಗೆಲ್ಲ ಬೇಯಿಸಿ ಹಾಕಿದ್ದೀನಿ. ಕೊಲೆಗಾತಿ ಅಂತ ಅನ್ನಿಸ್ಕೊಂಡು ಹೋಗ್ಲಾ?"

"ಅಳೋದು ಆಮೇಲೆ. ಗೊಂಗ್‌ಗೆ ಮೆಮಿಲ್ ಆಗಲ್ಲ ಅಂತ ನಿನಗೆ ಗೊತ್ತಿತ್ತು ತಾನೆ? ಮತ್ಯಾಕೆ ಬಡಿಸಿದೆ?"

"ಚೀಟಿ ಮೇಲೆ ಗುಂಡು ಇತ್ತು ಅಕ್ಕ! ನನ್ನ ಕಣ್ಣಾರೆ ನೋಡ್ದೆ."

ಗುಂಡು, ಅಂದರೆ ದುಂಡನೆಯ ಸುತ್ತು, ಇದ್ದರೆ ಸರಿ; ಎಕ್ಸ್ ಇದ್ದರೆ ತಪ್ಪು. ಆ ದೇಶದಲ್ಲಿ ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಗುರುತು. ಪ್ರತಿ ತಟ್ಟೆಗೂ ಕಂಪ್ಯೂಟರಿನಿಂದ ಒಂದು ಅಂಟು ಚೀಟಿ ಬರುತ್ತಿತ್ತು. ಅದರಲ್ಲಿ ಮಹಡಿ, ಕೋಣೆ, ಹೆಸರು, ಕೆಳಗೆ ಏನು ಕೊಡಬಾರದೋ ಅದು.

"ಏನೂ ಬೇಡ ಅಂತ ಬರೆದಿರಲಿಲ್ಲ. ಮೇಲ್ಗಡೆ ಒಂದು ಗುಂಡು. ಓಹೋ, ಡಾಕ್ಟರು ಪರೀಕ್ಷೆ ಮಾಡಿ ಇನ್ನು ತಿನ್ನಬಹುದು ಅಂದಿದ್ದಾರೆ ಅಂದ್ಕೊಂಡೆ. ಚೀಟಿ ನೋಡಿ ಬಡಿಸು, ಸ್ವಂತ ಬುದ್ಧಿ ಓಡಿಸ್ಬೇಡ ಅಂತ ಬೈಯೋರು ಅವರೇ ಅಲ್ವಾ?"

"ಆ ಚೀಟಿ ಎಲ್ಲಿ?"

"ತಟ್ಟೆ ತೊಳೆದಾಗ ಹೋಯ್ತು. ಹನ್ನೆರಡೂಮುಕ್ಕಾಲಿಗೆ ಮ್ಯಾನೇಜರ್ರು ಎಲ್ಲರೆದುರಿಗೆ ಇನ್ನೊಂದು ತೆಗೆದು ತೋರಿಸಿದ್ರು. ಅದರಲ್ಲಿ ಗುಂಡೂ ಇಲ್ಲ ಪಂಡೂ ಇಲ್ಲ, 'ಮೆಮಿಲ್ ಬೇಡ' ಅಂತ ಕೆಂಪಕ್ಷರದಲ್ಲಿ ಬಂತು. ನಾನು ಸುಳ್ಳಿ ಅಂತಾಯ್ತು."

ಗ್ವಿನಾಮ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಸಿಕ್ಕಿಬಿದ್ದವರು ಹೀಗೇ ಏನೋ ಒಂದು ಕಟ್ಟುತ್ತಾರೆ ಅಂತ ಅವಳ ಮನಸ್ಸು ಹೇಳಿತು. ಹಾಗೆ ನಂಬಿದರೆ ಆ ಸಹಿಯೂ ಅಷ್ಟು ಭಾರವಾಗಿ ಕೂರುತ್ತಿರಲಿಲ್ಲ, ಅದೂ ನಿಜವೇ.

ಮಾಲ್ಸುನ್ ಹೋದ ಮೇಲೆ ಟಾಕ್ ಅಜ್ಜಿ ಕೇಳಿದಳು, "ಗ್ವಿನಾಮ್, ಸುಳ್ಳು ಹೇಳೋಳಾಗಿದ್ರೆ 'ಚೀಟಿ ಖಾಲಿ ಇತ್ತು' ಅಂದ್ರೆ ಸಾಕಿತ್ತು. ಈ ಗುಂಡನ್ನ ಯಾಕೆ ತಂದು ಸೇರಿಸಿದ್ಳು?"

"ನನಗೇನು ಗೊತ್ತಕ್ಕ?"

"ನನಗೂ ಗೊತ್ತಿಲ್ಲ. ನಡಿ, ಮೇಂಗ್ ತಾತನ್ನ ಮಾತಾಡ್ಸೋಣ. ನಿನ್ನೆ ಆತ ಹಾಡು ಹೇಳ್ತಿದ್ದ. ಹಾಡೋ ಮನುಷ್ಯ ಅಲ್ಲ ಅವನು."

ಮೇಂಗ್ ತಾತನಿಗೆ ರಕ್ತದೊತ್ತಡ. ಮೂರು ವರ್ಷದಿಂದ ಉಪ್ಪಿಲ್ಲದ ಊಟ. ಬುಧವಾರ ಬೆಳಿಗ್ಗೆ ಆ ಮಹಡಿಯ ಏರ್ ಕಂಡೀಶನರ್ ಸೋರಿದ್ದರಿಂದ ಹತ್ತು ಗಂಟೆಗೆ ಆರು ಜನರ ಮಂಚ ಬದಲಾಗಿತ್ತು. ಅವನನ್ನು ಮೂರನೇ ಕೋಣೆಯಿಂದ ಹನ್ನೊಂದನೇ ಕೋಣೆಗೆ ತಂದಿದ್ದರು. ಹೊಸ ಕೋಣೆಯ ಬಗ್ಗೆ ಗೊಣಗುತ್ತಾನೆ ಅಂದುಕೊಂಡರೆ, ಇವನು ಕಿವಿವರೆಗೆ ನಗುತ್ತಿದ್ದ.

"ಈ ಕೋಣೆ ಕಾಲ್ಗುಣ ನೋಡಿ! ನಿನ್ನೆ ಸಾರಲ್ಲಿ ಉಪ್ಪಿತ್ತು! ಮೂರು ವರ್ಷದ ಮೇಲೆ ನಾಲಿಗೆ ಬದುಕಿದೆ ಅಂತ ಗೊತ್ತಾಯ್ತು."

"ನಿಮಗೊಬ್ಬರಿಗೇನಾ?" ಟಾಕ್ ಅಜ್ಜಿಯ ಕಣ್ಣುಗಳು ಸಣ್ಣಗಾದವು.

"ಎದುರಿನ ಸಕ್ಕರೆ ಕಾಯಿಲೆಯವನಿಗೆ ಸಿಹಿ ಹುರುಳಿಯ ಉಂಡೆ ಬಂತು. ಯಾರಿಗೂ ಹೇಳ್ಬೇಡ ಅಂತ ಕೈ ಮುಗಿದಿದ್ದಾನೆ. ನೀವೂ ಹೇಳ್ಬೇಡಿ, ನಾಳೆಯಿಂದ ನಿಲ್ಲಿಸಿಬಿಡ್ತಾರೆ."

"ತಾತ, ಆ ತಟ್ಟೆಯ ಚೀಟಿ..."

ಮೇಂಗ್ ತಾತ ಕಳ್ಳ ಹುಡುಗನ ಹಾಗೆ ಆಚೀಚೆ ನೋಡಿ ತಲೆದಿಂಬಿನ ಕೆಳಗಿನಿಂದ ಡೈರಿ ತೆಗೆದ. ಬುಧವಾರದ ಪುಟದಲ್ಲಿ ಅಂಟು ಚೀಟಿಯನ್ನು ನೀಟಾಗಿ ಹಚ್ಚಿ, ಪಕ್ಕದಲ್ಲಿ 'ಜನ್ಮ ಸಾರ್ಥಕ' ಅಂತ ಬರೆದಿದ್ದ. ಚೀಟಿಯಲ್ಲಿ ಮೇಲೆ ದಪ್ಪಕ್ಷರದಲ್ಲಿ ಒಂದು ಗುಂಡು, ಅದರ ಮುಂದೆ ಹನ್ನೊಂದು, ಆಮೇಲೆ ಅವನ ಹೆಸರು. ಕೆಳಗೆ ಏನು ಕೊಡಬಾರದು ಅನ್ನುವ ಜಾಗ ಖಾಲಿ.

ಗ್ವಿನಾಮ್ ಚೀಟಿಯನ್ನು ಮತ್ತೊಮ್ಮೆ ಓದಿದಳು. ಮಾಲ್ಸುನ್ ಹೇಳಿದ್ದು ನಿಜ! ನಿಜ ಹೇಳಿದವಳ ಮೇಲೆ ತಾನು ಸಹಿ ಹಾಕಿ ಕೊಟ್ಟಿದ್ದೇನೆ!

"ಇದನ್ನ ಐದು ಗಂಟೆವರೆಗೆ ಕೊಡಿ ತಾತ," ಅಂದಳು ಟಾಕ್ ಅಜ್ಜಿ. "ಗ್ವಿನಾಮ್, ಬಾಯಿ ಮುಚ್ಕೊಂಡಿರು. ಈಗ ಆಫೀಸು."

ಲಿಫ್ಟಿನಲ್ಲಿ ಇಳಿಯುವಾಗ ಗ್ವಿನಾಮ್ ತಲೆಯಲ್ಲಿ ಅನುಮಾನದ ಸಂತೆ ನೆರೆಯಿತು. ಎರಡು, ಮೂರು, ಎಫ್, ಐದು ಅಂತ ಗುಂಡಿಗಳು ಹೊಳೆಯುತ್ತಿದ್ದವು. ಅವಳು ಸುಮ್ಮನೆ ಅವನ್ನೇ ನೋಡುತ್ತಿದ್ದಳು. ಯಾರೋ ಬೇಕಂತಲೇ ಒಂದಿಡೀ ಮಹಡಿಯ ಮುದುಕರಿಗೆ ವಿಷವಿಟ್ಟಿದ್ದಾರೆ. ಯಾರು?

ಆಫೀಸಿನಲ್ಲಿ ಮೂವರಿದ್ದರು. ಪ್ರೋಗ್ರಾಂ ಬರೆದ ಜಿನ್, ಮೂವತ್ತರ ಆಸುಪಾಸಿನವನು, ವಾರಕ್ಕೆ ಮಂಗಳವಾರ, ಶುಕ್ರವಾರ ಮಾತ್ರ ಬರುವವನು, ಇವತ್ತು ಗಲಾಟೆಗೆ ಹೆದರಿ ಓಡಿ ಬಂದಿದ್ದ. ಊಟದ ಪಟ್ಟಿ ನೋಡಿಕೊಳ್ಳುವ ಪ್ಯೊ, ಗೆರೆ ಎಳೆದ ಹಾಗೆ ಬದುಕುವ ಹೆಂಗಸು. ಮತ್ತೆ ನಿವೃತ್ತಿಗೆ ಎಂಟು ತಿಂಗಳಿದ್ದ ಮ್ಯಾನೇಜರ್ ಚೂ. ಮೂವರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದರು.

"ಏನಪ್ಪಾ ಜಿನ್, ಈ ಹೆಸರುಗಳು ಚೀಟಿವರೆಗೆ ಹೇಗೆ ಹೋಗ್ತಾವೆ? ಮುದುಕಿಗೆ ಅರ್ಥ ಆಗೋ ಹಾಗೆ ಹೇಳು," ಅಂದಳು ಟಾಕ್ ಅಜ್ಜಿ.

ತನ್ನ ಕೂಸಿನ ಮಾತು ಬಂದದ್ದೇ ಜಿನ್ ಹುರುಪಾದ. "ಎರಡು ಪಟ್ಟಿ ಇವೆ ಅಜ್ಜಿ. ಯಾರು ಎಲ್ಲಿ ಮಲಗ್ತಾರೆ ಅನ್ನೋದು ಒಂದು, ಯಾರು ಏನು ತಿನ್ನಬಾರದು ಅನ್ನೋದು ಇನ್ನೊಂದು. ಒಂದೇ ಹೆಸರಿನವರು ಬೇರೆ ಬೇರೆ ಮಹಡೀಲಿದ್ದಾರಲ್ಲ, ಅದಕ್ಕೆ ಮಹಡಿ, ಹೆಸರು ಎರಡೂ ನೋಡಿ ಪ್ರೋಗ್ರಾಂ ಜೋಡಿಸುತ್ತೆ. ಪಟ್ಟಿ ಬದಲಾದ್ರೆ ನಾನು ಮಾಡಿರೋ 'ಗೋಂದು' ಇದೆ. ಕೋಷ್ಟಕಾನ ನಕಲು ಮಾಡ್ಕೊಂಡು ಇಲ್ಲಿ ಅಂಟಿಸಿದ್ರೆ ಆಯ್ತು, ಅದೇ ಪ್ರೋಗ್ರಾಮಿನ ಸಾಲುಗಳನ್ನ ಬರೆದುಬಿಡುತ್ತೆ. ಕೋಷ್ಟಕದ ಮೇಲಿಂದ ಕೆಳಗಿನ ಒಂದೊಂದು ಕಂಬಾನೂ ಪೂರ್ತಿ ನೋಡಿ ತಾನೇ ತೀರ್ಮಾನ ಮಾಡುತ್ತೆ. ಅಂಕಿಯಾ, ತಾರೀಖಾ, ಹೆಸರಾ, ನಿಜ-ಸುಳ್ಳಿನ ಗುರುತಾ ಅಂತ."

"ನಿಜ-ಸುಳ್ಳಿಗೆ ಗುಂಡು, ಎಕ್ಸ್ ಹಾಕ್ತೀಯಾ?"

"ಇಲ್ಲಜ್ಜಿ, ಪ್ರೋಗ್ರಾಮಿನ ಲೋಕದಲ್ಲಿ ಹೊರದೇಶದ ಅಕ್ಷರವೇ ನಡೆಯೋದು."

"ಹಳೇ ಪಟ್ಟಿ ಉಳಿಯುತ್ತಾ?"

ಜಿನ್ ತಲೆ ತಗ್ಗಿಸಿದ. "ಅದೊಂದು ಮಾಡಿಲ್ಲ. ಯಾವ ಸಾಲು ಅಂಟಿಸ್ತೀವೋ ಪ್ರೋಗ್ರಾಮಿನಲ್ಲಿ ಅದರ ಹಳೇದು ಹೋಗುತ್ತೆ, ಮಿಕ್ಕವು ಹಾಗೇ ಇರ್ತಾವೆ."

"ಅಂಟಿಸೋಕೆ ಯಾರ್ಯಾರಿಗೆ ಬರುತ್ತೆ?"

"ಇವರಿಬ್ಬರಿಗೂ ಒಟ್ಟಿಗೇ ಕಲಿಸಿದ್ದೆ."

"ನಂಗೆಲ್ಲಿ ಬರುತ್ತೆ ತಾಯಿ," ಚೂ ನಕ್ಕ. ನಕಲು ಮಾಡಿ ಅಂಟಿಸುವುದಕ್ಕೆ ಅಲ್ಲಿಯವರು ಬೊಕ್‌ಬುತ್ ಅನ್ನುತ್ತಾರೆ. "ಈ ಬೊಕ್‌ಬುತ್ತು ಗಿಕ್‌ಬುತ್ತು ಎಲ್ಲ ನನ್ನ ತಲೆಗೆ ಹತ್ತಲ್ಲ. ಪಟ್ಟಿ ಮುಟ್ಟೋ ಅಧಿಕಾರ ಪ್ಯೊ ಅವರೊಬ್ಬರದ್ದೇ, ತಪಾಸಣೆಯವರಿಗೆ ನಾನೇ ಬರೆದುಕೊಟ್ಟಿದ್ದೀನಿ."

ಪ್ಯೊಳ ಮುಖ ಬಿಳಿಚಿತು. "ನಾನು ಯಾವತ್ತೂ ಇಡೀ ಆಸ್ಪತ್ರೆಯ ಪಟ್ಟಿಯನ್ನೇ ಅಂಟಿಸೋದು, ತುಂಡು ತುಂಡು ಅಂಟಿಸಲ್ಲ. ನಿನ್ನೆ ಒಂಬತ್ತೂವರೆಗೆ ಹಲ್ಲಿನ ಡಾಕ್ಟರ ಹತ್ರ ಹೋದೆ. ಬಂದಾಗ ಹನ್ನೆರಡೂವರೆ. ಮಂಚ ಬದಲಾದ ಪಟ್ಟಿ ನನ್ನ ಮೇಜಿನ ಮೇಲಿತ್ತು. ಒಂದೂವರೆಗೆ ಸೇರಿಸಿದೆ."

"ಹೌದು ಹೌದು," ಚೂ ತಲೆಯಾಡಿಸಿದ. "ನರ್ಸು ಹತ್ತೂವರೆಗೆ ಕಳಿಸಿದ್ದನ್ನ ನಾನೇ ತೆಗೆದು ಅವರ ಮೇಜಿನ ಮೇಲಿಟ್ಟೆ. ಊಟಕ್ಕೆ ಮುಂಚೆ ಯಾರೂ ಅದನ್ನ ಸೇರಿಸಿಲ್ಲ. ಹಾಗಾಗಿ ಕಂಪ್ಯೂಟರಿನ ತಪ್ಪಿಲ್ಲ ತಾಯಿ, ಆ ಅಡುಗೆಯವಳ ನಾಲಿಗೆಯದ್ದೇ ತಪ್ಪು. ಸೊಲ್ ಅವರೇ ಸಾಕ್ಷಿ!"

ಗ್ವಿನಾಮ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಪ್ಯೊಳ ಹಲ್ಲು ನೋವು ನಾಟಕವೋ ಏನೋ, ಅಂತ ಒಂದು ಗಳಿಗೆ ಅನುಮಾನಿಸಿದಳು. ಆದರೆ ನಿನ್ನೆ ಮಧ್ಯಾಹ್ನ ಮರಗಟ್ಟಿದ ತುಟಿಯಿಂದ ಪ್ಯೊ ಕುಡಿದ ನೀರೆಲ್ಲ ಅಂಗಿಗೆ ಸುರಿದದ್ದನ್ನು ತಾನೇ ನೋಡಿ ನಕ್ಕಿದ್ದಳಲ್ಲ. ಹಾಗಾದರೆ ಈ ಜಿನ್? ಕಣ್ಣಿಗೆ ಕಣ್ಣು ಕೊಡದವನು!

ಮೇಲೆ ಬರುವಾಗ ಟಾಕ್ ಅಜ್ಜಿ ಲಿಫ್ಟಿನ ಗುಂಡಿಗಳ ಮುಂದೆ ಕುರ್ಚಿ ನಿಲ್ಲಿಸಲು ಹೇಳಿದಳು. ಬಾಗಿಲು ಎರಡು ಸಲ ಮುಚ್ಚಿ ತೆರೆಯಿತು. ಆಮೇಲೆ ಅವಳು ತೊಡೆ ತಟ್ಟಿಕೊಂಡು ನಗತೊಡಗಿದಳು.

"ಅಕ್ಕ, ಏನಾಯ್ತು?"

"ನಾನೆಂಥ ಕುರುಡಿ ಕಣೇ! ನಾಲ್ಕು ವರ್ಷದಿಂದ ಇದರಲ್ಲೇ ಓಡಾಡ್ತಿದ್ದೀನಿ. ಹೋಗು, ನಾಲ್ಕು ಗಂಟೆಗೆ ಎಲ್ಲರನ್ನೂ ನಮ್ಮ ಮಹಡಿಯ ಟಿವಿ ಹಾಲಿಗೆ ಕರಿ. ದೊಡ್ಡ ಡಾಕ್ಟರನ್ನೂ ಕರಿ. ಜಿನ್ ತನ್ನ ಕಂಪ್ಯೂಟರ್ ತರಲಿ."

ನಾಲ್ಕಕ್ಕೆ ಎಲ್ಲರೂ ಸೇರಿದರು. ಆಸ್ಪತ್ರೆ ನಡೆಸುವ ದೊಡ್ಡ ಡಾಕ್ಟರು ಗಡಿಯಾರ ನೋಡುತ್ತ ಕೂತರು. ಚೂ ಪೊಲೀಸಿಗೆ ಕೊಡುವ ಕಾಗದದ ಕವರನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಮಾಲ್ಸುನ್ ಬಾಗಿಲಲ್ಲೇ ನಿಂತಳು, ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ. ಮೇಂಗ್ ತಾತ ಮಾತ್ರ ತನ್ನ ಡೈರಿ ಏನಾಗುತ್ತದೋ ಅಂತ ಚಡಪಡಿಸುತ್ತಿದ್ದ.

ಟಾಕ್ ಅಜ್ಜಿ ಡೈರಿ ತೆರೆದು ದೊಡ್ಡ ಡಾಕ್ಟರ ಕೈಗಿತ್ತಳು. "ಇದು ನಿನ್ನೆ ಊಟದ ತಟ್ಟೆಯ ಚೀಟಿ. ಉಪ್ಪು ಬೇಡ ಅಂತ ಇರಬೇಕಿತ್ತು, ಇಲ್ಲ. ಮೇಲೆ ಗುಂಡಿದೆ. ಹಾಗಾಗಿ ಮಾಲ್ಸುನ್ ಕಥೆ ಕಟ್ಟಿಲ್ಲ. ಮೇಂಗ್ ತಾತನಿಗೆ ಉಪ್ಪು, ಎದುರು ಮನುಷ್ಯನಿಗೆ ಸಿಹಿ, ಗೊಂಗ್‌ಗೆ ಮೆಮಿಲ್. ಬೇರೆ ಮಹಡಿಯಲ್ಲಿ ಯಾರಿಗೂ ಏನೂ ಆಗಿಲ್ಲ, ನಾನು ವಿಚಾರಿಸಿದ್ದೀನಿ. ಗೊಂಗ್ ಒಬ್ಬಳ ಮೇಲಿನ ಸಿಟ್ಟಿಗೆ ಯಾರಾದ್ರೂ ಮಹಡಿಗೆಲ್ಲ ಹೀಗೆ ಮಾಡ್ತಾರಾ?"

"ಹಾಗಾದ್ರೆ ಈ ಗುಂಡು ಯಾರು ಹಾಕಿದ್ದು?" ಡಾಕ್ಟರು ಕೇಳಿದರು.

"ಯಾರೂ ಹಾಕಿಲ್ಲ. ಅದು ಗುಂಡೇ ಅಲ್ಲ. ಜಿನ್, ಒಂದು ಕೋಷ್ಟಕ ಮಾಡಪ್ಪ. ನಮ್ಮ ಮಹಡಿಯವರ ಹೆಸರು ಮಾತ್ರ ಹಾಕು, ಬೇರೆ ಮಹಡಿ ಬೇಡ. ಮಹಡಿಯ ಕಂಬದಲ್ಲಿ ನಾವು ಯಾವಾಗ್ಲೂ ಬರೆಯೋದನ್ನೇ ಬರಿ. ನಿನ್ನ ಗೋಂದಿನಲ್ಲಿ ಅಂಟಿಸು."

ಜಿನ್ ನಾಲ್ಕರ ಬದಲು, ಲಿಫ್ಟಿನ ಗುಂಡಿಯಲ್ಲಿರುವ ಹಾಗೇ, ಎಫ್, ಎಫ್, ಎಫ್ ಅಂತ ಕೆಳಗಿನವರೆಗೆ ಬರೆದ. ನಕಲು ಮಾಡಿ ಅಂಟಿಸಿದ. ಪರದೆಯ ಮೇಲೆ ಮೂಡಿದ್ದನ್ನು ನೋಡಿ ಅವನ ಬಾಯಿ ತೆರೆದೇ ಉಳಿಯಿತು. "ಅಯ್ಯಯ್ಯೋ..."

"ಓದು."

"ಸುಳ್ಳು, ಸುಳ್ಳು, ಸುಳ್ಳು, ಅಂತ ಬರೆದಿದೆ ಅಜ್ಜಿ. ಟಿ ಅಂದ್ರೆ ನಿಜ, ಎಫ್ ಅಂದ್ರೆ ಸುಳ್ಳು ಅಂತ ನಾನೇ ಕಲಿಸಿದ್ದೆ."

"ಪ್ಯೊ ಇಡೀ ಪಟ್ಟಿ ಅಂಟಿಸ್ತಾಳೆ. ಎರಡು, ಮೂರು, ಎಫ್, ಐದು. ಕಲಸುಮೇಲೋಗರ ನೋಡಿ ಯಂತ್ರ ಇದು ಬರೀ ಹೆಸರು ಅಂದ್ಕೊಂಡು ಸುಮ್ಮನಿರುತ್ತೆ. ಮೂರು ವರ್ಷ ಏನೂ ಆಗಿಲ್ಲ. ನಿನ್ನೆ ಯಾರೋ ನಮ್ಮ ಮಹಡಿಯ ತುಂಡನ್ನ ಮಾತ್ರ ಅಂಟಿಸಿದ್ರು. ಕಂಬದ ತುಂಬ ಎಫ್ಫೇ! ಯಂತ್ರ ನಮ್ಮ ಮಹಡಿಯನ್ನೇ ಸುಳ್ಳು ಮಾಡಿಬಿಡ್ತು. ಇನ್ನೊಂದು ಪಟ್ಟೀಲಿ ಎಫ್ ಇದೆ, ಇಲ್ಲಿ ಸುಳ್ಳು ಇದೆ, ಎರಡೂ ಜೋಡಿಯಾಗಲಿಲ್ಲ, ಪಥ್ಯವೆಲ್ಲ ಹಾರಿಹೋಯ್ತು. ಜಿನ್, ಚೀಟಿಯಲ್ಲಿ ಮಹಡಿಯ ಜಾಗದಲ್ಲಿ ಅಂಕಿ ಹಾಕು ಅಂದ್ರೆ ನಿನ್ನ ಯಂತ್ರ ಸುಳ್ಳಿಗೆ ಏನು ಹಾಕುತ್ತೆ?"

"ಸೊನ್ನೆ," ಜಿನ್ ಪಿಸುಗುಟ್ಟಿದ.

"ಆ ಸೊನ್ನೆಯನ್ನ ನಮ್ಮ ಮಾಲ್ಸುನ್ ಗುಂಡು ಅಂತ ಓದಿದ್ಳು. ಸರಿ, ಕೊಡಬಹುದು ಅಂತ. ಇಲ್ಲಿರೋರಲ್ಲಿ ಯಾರು ಬೇರೆ ಥರ ಓದ್ತಿದ್ರಿ, ಕೈ ಎತ್ತಿ."

ಯಾರೂ ಎತ್ತಲಿಲ್ಲ. ಬಾಗಿಲಲ್ಲಿ ಮಾಲ್ಸುನ್ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡಳು.

"ಹಾಗಾದ್ರೆ ಇದು ಅಚಾತುರ್ಯ ತಾಯಿ!" ಚೂ ಕವರನ್ನು ಮಡಚಿ ಎದ್ದ. "ಯಂತ್ರದ ಅಚಾತುರ್ಯ. ಮುಗೀತಲ್ಲ..."

"ಕೂತ್ಕೊಳ್ಳಿ ಮ್ಯಾನೇಜರ್ರೇ. ಅಂಟಿಸಿದ್ದು ಅಚಾತುರ್ಯವೇ, ಆಮೇಲಿನದ್ದು ಅಲ್ಲ." ಟಾಕ್ ಅಜ್ಜಿಯ ದನಿ ಬದಲಾಯಿತು. "ಡಾಕ್ಟರೇ, ಆ ಸೊನ್ನೆ ಪಕ್ಕ ಕೋಣೆಯ ಅಂಕಿ ನೋಡಿ."

"ಹನ್ನೊಂದು."

"ಮೇಂಗ್ ತಾತ ಹತ್ತು ಗಂಟೆವರೆಗೆ ಮೂರನೇ ಕೋಣೆಯಲ್ಲಿದ್ದ. ಹೊಸ ಪಟ್ಟಿ ಒಂದೂವರೆಗೆ ಸೇರಿದ್ದು, ಊಟಕ್ಕೆ ಮುಂಚೆ ಯಾರೂ ಮುಟ್ಟಿಲ್ಲ ಅಂತ ಮ್ಯಾನೇಜರ್ರು ಬೆಳಿಗ್ಗೆ ನಮ್ಮೆದುರಿಗೆ ಹೇಳಿದ್ರು. ಹಾಗಿದ್ರೆ ಊಟದ ಚೀಟಿಯಲ್ಲಿ ಮೂರು ಇರಬೇಕು. ಹನ್ನೊಂದು ಹೇಗೆ ಬಂತು? ಹತ್ತೂವರೆಯಿಂದ ಊಟದೊಳಗೆ ಆಫೀಸಿನಲ್ಲಿ ಯಾರೋ ಅಂಟಿಸಿದ್ದಾರೆ. ಪ್ಯೊ ಹಲ್ಲಿನ ಡಾಕ್ಟರ ಕುರ್ಚೀಲಿ ಬಾಯಿ ತೆರ್ಕೊಂಡಿದ್ಳು. ಜಿನ್ ಬುಧವಾರ ಬರಲ್ಲ. ಅಂಟಿಸೋದು ಕಲಿತಿದ್ದು ಇನ್ನೊಬ್ಬರು ಮಾತ್ರ. ಬೊಕ್‌ಬುತ್ತು ಗಿಕ್‌ಬುತ್ತು ಬರಲ್ಲ ಅಂದೋರು."

ಚೂ ಕೂತ. ಕವರು ಕೈಯಿಂದ ಜಾರಿತು.

"ಸಹಾಯ ಮಾಡೋಣ ಅಂತಲೇ ಮಾಡಿದೆ," ಅಂದ ಕೊನೆಗೆ. "ಪ್ಯೊ ಇರಲಿಲ್ಲ. ತಟ್ಟೆ ತಪ್ಪು ಕೋಣೆಗೆ ಹೋಗಬಾರದು ಅಂತ... ಆ ಹೆಂಗಸು ಬಿದ್ದ ಮೇಲೆ ತೆರೆದು ನೋಡಿದೆ. ಎಲ್ಲ ಸುಳ್ಳು ಸುಳ್ಳು ಅಂತಿತ್ತು. ಹೆದರಿ, ಪ್ಯೊ ಕಂಪ್ಯೂಟರಿನಲ್ಲಿದ್ದ ಹಳೇ ಕೋಷ್ಟಕಾನ ಪೂರ್ತಿ ಅಂಟಿಸಿಬಿಟ್ಟೆ. ಹೊಸದನ್ನ ಪ್ಯೊ ಮೇಜಿನ ಮೇಲಿಟ್ಟೆ. ಪಟ್ಟಿ ಮುಟ್ಟಲ್ಲ ಅಂತ ನಾನೇ ಬರೆದುಕೊಟ್ಟಿದ್ದೀನಲ್ಲ, ಇನ್ನು ಎಂಟೇ ತಿಂಗಳು..."

"ನಿನ್ನ ಎಂಟು ತಿಂಗಳಿಗೆ ನನ್ನ ಇಪ್ಪತ್ತೆರಡು ವರ್ಷ ಬೇಕಾಗಿತ್ತಾ?" ಮಾಲ್ಸುನ್ ಬಾಗಿಲಿಂದಲೇ ಕೇಳಿದಳು. ಅವಳು ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತು ಅಂತ ಗ್ವಿನಾಮ್‌ಗೆ ಅನ್ನಿಸಿತು.

ದೊಡ್ಡ ಡಾಕ್ಟರು ಕವರನ್ನು ಎತ್ತಿಕೊಂಡು, ಒಳಗಿನ ಕಾಗದ ತೆಗೆದು, ಗ್ವಿನಾಮ್ ಸಹಿ ಇದ್ದ ಹಾಳೆಯನ್ನು ಅವಳಿಗೆ ಕೊಟ್ಟರು. ಚೂನನ್ನು ತಮ್ಮ ಕೋಣೆಗೆ ಬರಹೇಳಿದರು. ಜಿನ್ ಅಲ್ಲೇ ಕೂತು ಗೋಂದಿನಿಂದ ಆ ಬುದ್ಧಿವಂತಿಕೆಯನ್ನೆಲ್ಲ ಕಿತ್ತು ಹಾಕತೊಡಗಿದ.

"ಅಕ್ಕ, ಈ ಎಫ್ ಯಾಕೆ ಬಂತು ಇಲ್ಲಿಗೆ?" ಕುರ್ಚಿ ತಳ್ಳುತ್ತ ಗ್ವಿನಾಮ್ ಕೇಳಿದಳು. ಉತ್ತರ ಗೊತ್ತಿತ್ತು, ಆದರೂ ಕೇಳಿದಳು.

"ನಾಲ್ಕಕ್ಕೂ 'ಸಾ' ಅಂತೀವಿ, ಸಾವಿಗೂ 'ಸಾ' ಅಂತೀವಿ. ಮುದುಕರಿರೋ ಜಾಗ, ಸಾವಿನ ಹೆಸರು ಕಾಣಬಾರದು ಅಂತ ಇಂಗ್ಲಿಷಿನ 'ಫೋರ್' ಅನ್ನೋದರ ಎಫ್ ಹಾಕಿದ್ರು. ಅದೇ ಎಫ್ ನೋಡು, ಗೊಂಗ್‌ನ ಇನ್ನೇನು ಕರ್ಕೊಂಡು ಹೋಗಿಬಿಡ್ತಿತ್ತು."

ಗ್ವಿನಾಮ್ ಆ ಹಾಳೆ ಹಿಡಿದುಕೊಂಡು ಅಡುಗೆಮನೆಗೆ ಇಳಿದಳು. ಮಾಲ್ಸುನ್ ಮೂಲಂಗಿ ಹೆಚ್ಚುತ್ತಿದ್ದಳು.

"ನಾನು ಹೇಳಬಾರದಿತ್ತು ಅಕ್ಕ. ತಪ್ಪಾಯ್ತು."

"ನಾನು ಅಂದಿದ್ದನ್ನೇ ತಾನೆ ನೀನು ಹೇಳಿದ್ದು." ಮಾಲ್ಸುನ್ ತಲೆ ಎತ್ತಲಿಲ್ಲ. "ಆ ಕಾಗದ ಒಲೆಗೆ ಹಾಕು. ಹಾಕಿ ಆ ಬೆಳ್ಳುಳ್ಳಿ ಬಿಡಿಸು, ಸುಮ್ನೆ ನಿಂತ್ಕೋಬೇಡ."

ಗ್ವಿನಾಮ್ ಬೆಳ್ಳುಳ್ಳಿ ಬಿಡಿಸಿದಳು. ಆ ದಿನದ ಮಟ್ಟಿಗೆ ಅವರಿಬ್ಬರ ನಡುವೆ ಅಷ್ಟೇ ಮಾತು.

ಭಾನುವಾರ ಗೊಂಗ್ ಅಜ್ಜಿ ವಾಪಸ್ ಬಂದಳು, ಸ್ವಲ್ಪ ಇಳಿದಿದ್ದಳು, ದನಿ ಮಾತ್ರ ಹಾಗೇ ಇತ್ತು. ಲಿಫ್ಟಿನ ಗುಂಡಿಯ ಮೇಲೆ ಯಾರೋ ಕಾಗದ ಅಂಟಿಸಿ ಪೆನ್ನಿನಲ್ಲಿ ದಪ್ಪಗೆ ನಾಲ್ಕು ಅಂತ ಬರೆದಿದ್ದರು. ಮಧ್ಯಾಹ್ನದ ತಟ್ಟೆಯನ್ನು ಮಾಲ್ಸುನ್ ಚೀಟಿ ಮೂರು ಸಲ ಓದಿ ಮೇಲಕ್ಕೆ ಕಳಿಸಿದಳು. ಆಮೇಲೆ ಸೌಟು ಕೆಳಗಿಡದೆ ಬಾಗಿಲ ಬಳಿ ನಿಂತಳು.

ಕಾಲು ಗಂಟೆಯಲ್ಲಿ ಗ್ವಿನಾಮ್ ಬಟ್ಟಲು ಹಿಡಿದು ಇಳಿದು ಬಂದಳು. ಸಾರು ಹಾಗೇ ಇತ್ತು.

"ಏನಂದಳು?" ಮಾಲ್ಸುನ್ ಕೇಳಿದಳು.

"ಪಾತ್ರೆ ತೊಳೆದ ನೀರಂತೆ."

ಮಾಲ್ಸುನ್ ಅಲ್ಲೇ ನೆಲದ ಮೇಲೆ ಕೂತು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು, ಜೋರಾಗಿ ಅತ್ತುಬಿಟ್ಟಳು. ಅತ್ತು ಮುಗಿಸಿ ಎದ್ದು, ಗೊಂಗ್ ಅಜ್ಜಿಗೆಂದು ಹೊಸದಾಗಿ ಸಾರು ಒಲೆಗಿಟ್ಟಳು.